ಕತೆಯಲ್ಲಿ ಬದಲಾದ ಮನೆ

ಯುಗಾದಿಯಾಗಿ ಹತ್ತು ದಿನಕ್ಕೆ ಹುಬ್ಬಳ್ಳಿಯ ಗೋಪನಕೊಪ್ಪದಿಂದ ಅತ್ತೆಯ ಫೋನು ಬಂತು. ಅತ್ತೆ ಎಂದರೆ ನನ್ನ ತಂದೆಯ ಅಕ್ಕ, ಎಂಬತ್ತರ ಹತ್ತಿರ ಬಂದವಳು. “ಆರಾಮ ಇದ್ದೀಯೇನು” ಎಂದು ಆಕೆ ನನ್ನನ್ನು ಕೇಳುವುದು ಬಿಟ್ಟು ಬಹಳ ವರ್ಷಗಳಾದವು. ಕೇಳಿದರೆ ನಾನು ನಿಜವಾಗಿಯೂ ಉತ್ತರ ಹೇಳಲು ಕೂಡುತ್ತೇನೆ ಎಂಬುದು ಆಕೆಗೆ ಗೊತ್ತು.

“ಡಬ್ಬಿ ಬಂದಿಲ್ಲವಾ,” ಅಂದಳು.

“ಯಾವ ಡಬ್ಬಿ ಅತ್ತಿ?”

“ಯಾವ ಡಬ್ಬಿ ಅಂತ ಕೇಳ್ತೀಯಲ್ಲ. ಆಪಾನ ಮನಿಗೆ ಹೋದ ಡಬ್ಬಿ.”

ನಮ್ಮ ಮನೆತನದಲ್ಲಿ ಯುಗಾದಿಯ ಹೋಳಿಗೆ ಬೇಯಿಸಿದಾಗ ಮೊದಲ ಐದು ಹೋಳಿಗೆ ಹಳೇ ಹುಬ್ಬಳ್ಳಿಯ ಒಂದು ಮನೆಗೆ, ಅತ್ತೆಯ ಗೆಳತಿ ಆಪಾ ಅವರ ಮನೆಗೆ, ಹೋಗುತ್ತವೆ. ದೇವರ ನೈವೇದ್ಯಕ್ಕೂ ಆಮೇಲಿನವೇ. ಆ ಸ್ಟೀಲಿನ ಡಬ್ಬಿ ರಮಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ತುಂಬಿಕೊಂಡು ವಾಪಸು ಬರುತ್ತದೆ. ಈಚಿನ ವರ್ಷಗಳಲ್ಲಿ ಎರಡೂ ಹಬ್ಬ ಒಂದರ ಬೆನ್ನಿಗೊಂದು ಬರುತ್ತಿರುವುದರಿಂದ ಡಬ್ಬಿಗೆ ಒಣಗಲಿಕ್ಕೂ ಪುರಸೊತ್ತಿಲ್ಲ. ಈ ಸಲ ಮಾತ್ರ ಹೋಳಿಗೆ ಹೋದವು, ರಮಜಾನ್ ಬಂದು ಹೋಯಿತು, ಡಬ್ಬಿ ಬರಲಿಲ್ಲ.

“ಫೋನ್ ಮಾಡಿದರ ಮೊಮ್ಮಗಳು ಎತ್ತತಾಳ. ದಾದಿ ಮಲಗ್ಯಾರ್ರಿ ಅಂತಾಳ. ಎಂಟು ದಿನದಿಂದ ಮಲಗ್ಯಾಳೇನು ಆಕಿ? ಏನೋ ಆಗೇತಿ. ನಾ ಏನ ತಪ್ಪ ಮಾಡೇನಿ ಅಂತ ಕುಂತು ಕುಂತು ವಿಚಾರ ಮಾಡಾಕತ್ತೇನಿ.”

ನಾನು ಚಿಂತೆ ಮಾಡುವುದರಲ್ಲಿ ಪಳಗಿದವಳು. ಧಾರವಾಡದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೊರಗೆ ಹೊರಟರೆ ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಮೂರು ಸಲ ನೋಡುತ್ತೇನೆ, ನಾಲ್ಕನೆಯ ಸಲ ನೋಡಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೊರಗುತ್ತೇನೆ. ನನ್ನ ನೂರು ಚಿಂತೆಗಳಲ್ಲಿ ತೊಂಬತ್ತೊಂಬತ್ತು ಸುಳ್ಳಾಗುತ್ತವೆ. ಆ ದಿನ ಫೋನು ಹಿಡಿದು ನಿಂತಾಗ, ಉಳಿದ ಒಂದು ಇದೇ ಎಂದು ಗೊತ್ತಾಯಿತು. ತಪ್ಪು ಅತ್ತೆಯದಲ್ಲ, ನನ್ನದು.

ಅದನ್ನು ಹೇಳಬೇಕಾದರೆ ನಮ್ಮವರು ಹುಬ್ಬಳ್ಳಿಗೆ ಬಂದ ದಿನದ ಸುದ್ದಿ ಹೇಳಬೇಕು. ಅತ್ತೆ ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಆಗ ಹುಟ್ಟಿರದ ನನಗೂ ಆ ಬಿಸಿಲು ನೆನಪಿದೆ.

ನಮ್ಮ ಅಜ್ಜ ಬಾಗಲಕೋಟೆ ಕಡೆಯ ನೇಕಾರ. ಊರಿನಲ್ಲಿ ಮಗ್ಗಕ್ಕೆ ನೂಲು ಸಿಗುವುದು ನಿಂತಾಗ ಹುಬ್ಬಳ್ಳಿಯ ಗಿರಣಿಯಲ್ಲಿ ಕೆಲಸ ಹುಡುಕಿಕೊಂಡು ತಾನೊಬ್ಬನೇ ಮುಂದಾಗಿ ಬಂದ. ಮೂರು ತಿಂಗಳ ಮೇಲೆ, ಇಂಥ ದಿನ ಬರ್ರಿ, ಟೇಶನ್ನಿಗೆ ಬಂದಿರ್ತೇನಿ ಎಂದು ಕಾರ್ಡು ಬರೆಸಿ ಹಾಕಿದ. ಅಜ್ಜಿ ಮೂರು ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿದಳು. ಎಂಟು ವರ್ಷದ ಅತ್ತೆ, ಐದು ವರ್ಷದ ನನ್ನ ತಂದೆ, ಕಂಕುಳಲ್ಲಿ ಒಂದು ಕೂಸು. ಇಳಿದರೆ ಅಜ್ಜ ಇರಲಿಲ್ಲ. ಗಿರಣಿಯಲ್ಲಿ ಆತನ ಪಾಳಿ ಹಿಂದಿನ ದಿನವಷ್ಟೇ ಬದಲಾಗಿತ್ತು. ಮಧ್ಯಾಹ್ನದವರೆಗೆ ಕಾದು, ಕಟ್ಟಿ ತಂದ ಬುತ್ತಿ ಮುಗಿದು, ಕಾರ್ಡಿನಲ್ಲಿದ್ದ ಹಳೇ ಹುಬ್ಬಳ್ಳಿ ಎಂಬ ಒಂದು ಮಾತನ್ನು ಹಿಡಿದುಕೊಂಡು ಅಜ್ಜಿ ನಡೆಯತೊಡಗಿದಳು.

ಸಂದಿಯಿಂದ ಸಂದಿಗೆ ಅಲೆದು ಮಕ್ಕಳು ಇನ್ನು ಹೆಜ್ಜೆ ಇಡುವುದಿಲ್ಲ ಎಂದು ಕುಳಿತಾಗ, ಒಂದು ಮನೆಯ ಮುಂದೆ ಬಿದಿರ ಗಳದ ಮೇಲೆ ಕೆಂಪು, ಹಸಿರು ನೂಲಿನ ಲಡಿಗಳು ಒಣಗಲು ಹಾಕಿದ್ದು ಅಜ್ಜಿಗೆ ಕಂಡಿತು. ನೇಕಾರರ ಹೆಣ್ಣುಮಗಳು ಮಾತ್ರ ಮಾಡಬಹುದಾದ ತಪ್ಪನ್ನು ಅಜ್ಜಿ ಆಗ ಮಾಡಿದಳು. ನೂಲು ಕಂಡಿತಲ್ಲ, ಇದು ನಮ್ಮವರದೇ ಮನೆ ಎಂದು ನೇರ ಒಳಗೆ ಹೋದಳು. ಕೂಸನ್ನು ನೆಲದ ಮೇಲೆ ಹಾಕಿದಳು. ತವರುಮನೆಗೆ ಬಂದವಳ ಹಾಗೆ, “ಒಂದು ತಂಬಿಗಿ ನೀರು ಕೊಡ ತಂಗಿ, ಹುಡುಗ್ರು ಹಸದಾವ” ಅಂದಳು. ಒಳಗಿದ್ದ ಹೆಂಗಸು ಒಂದೂ ಮಾತು ಕೇಳದೆ ನೀರು ಕೊಟ್ಟಳು, ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟಳು. ಆಕೆಯ ಬೆರಳಿಗೆ ಬಣ್ಣ ಹತ್ತಿತ್ತಂತೆ, ರೊಟ್ಟಿಯ ಮೇಲೆ ತಟ್ಟಿದ ಬೆರಳ ಗುರುತು ನಸುಗೆಂಪಾಗಿತ್ತಂತೆ. ಇದನ್ನು ಕೇಳಿದಾಗೆಲ್ಲ ಬೇರೆಯವರ ಕಣ್ಣು ತುಂಬುತ್ತದೆ. ನನಗೆ ಮೊದಲು ಬರುವ ಯೋಚನೆ, ಆ ಬಣ್ಣ ಹೊಟ್ಟೆಗೆ ಹೋದರೆ ಏನಾಗುತ್ತದೋ ಎಂದು.

ಮಕ್ಕಳು ಉಂಡರು. ಅಜ್ಜಿ ಮೊದಲ ತುತ್ತು ಮುರಿದಳು. ಆಗ ಆ ಹೆಂಗಸು ಹಿತ್ತಲ ಕಡೆ ತಿರುಗಿ ಗಂಡನಿಗೆ ಉರ್ದುವಿನಲ್ಲಿ ಏನೋ ಕೂಗಿ ಹೇಳಿದಳು. ಅಜ್ಜಿಯ ಕೈ ಅಲ್ಲೇ ನಿಂತಿತು. ಅವರು ನೇಕಾರರಲ್ಲ, ನೂಲಿಗೆ ಬಣ್ಣ ಹಾಕುವ ಮುಸಲ್ಮಾನರ ಮನೆಯವರು. ಅತ್ತೆ ಇಲ್ಲಿಗೆ ಬಂದಾಗ ಪ್ರತಿ ಸಲ ದನಿ ಇಳಿಸುತ್ತಾಳೆ. “ಅವ್ವ ಕೈಯಾಗಿನ ತುತ್ತು ನೋಡಿದಳು. ನನ್ನ ನೋಡಿದಳು. ಆಮ್ಯಾಲೆ ಉಂಡಳು.” ಸಂಜೆ ಅಜ್ಜ ಹುಡುಕಿಕೊಂಡು ಬಂದ. ಅದೇ ಸಂದಿಯ ಕೊನೆಯಲ್ಲಿ ಅಜ್ಜ ಹಿಡಿದಿದ್ದ ಒಂದು ಖೋಲಿಯಲ್ಲಿ ನಮ್ಮವರು ಸಂಸಾರ ಹೂಡಿದರು.

ಆ ಮನೆಯಲ್ಲಿ ಅತ್ತೆಯ ವಯಸ್ಸಿನದೇ ಒಬ್ಬ ಹುಡುಗಿ ಇದ್ದಳು. ಅವರೇ ಆಪಾ. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅತ್ತೆ ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಾಳೆ, ಅವರು ಅತ್ತೆಯನ್ನು ಅಕ್ಕಾ ಎನ್ನುತ್ತಾರೆ, ಇಬ್ಬರೂ ತಾನೇ ಚಿಕ್ಕವಳೆಂದು ಪಟ್ಟು ಹಿಡಿದಿದ್ದಾರೆ. ನನಗೆ ಅವರು ಖಾಲಾ, ಉರ್ದುವಿನ ಚಿಕ್ಕಮ್ಮ.

ನಾನು ವರ್ಷಕ್ಕೊಂದು ಕತೆ ಬರೆಯುವ ಚಟದವಳು. ಹೋದ ದೀಪಾವಳಿಯ ವಿಶೇಷಾಂಕವೊಂದಕ್ಕೆ, ಊರು ಬಿಟ್ಟು ಬಂದವರ ಬದುಕಿನ ಬಗ್ಗೆ ಏನಾದರೂ ಕೊಡಿ ಎಂದು ಸಂಪಾದಕರು ಕೇಳಿದಾಗ ಈ ಕತೆಯನ್ನೇ ಬರೆದೆ. ರೈಲು ಇತ್ತು, ಬಿಸಿಲು ಇತ್ತು, ಕಂಕುಳ ಕೂಸು ಇತ್ತು. ಮನೆ ಮಾತ್ರ ಬದಲಾಯಿತು. ನನ್ನ ಕತೆಯ ಅಜ್ಜಿ ದೇಶಪಾಂಡೆ ನಗರದ ದೊಡ್ಡ ಬಂಗಲೆಯೊಂದರ ಬಾಗಿಲು ತಟ್ಟುತ್ತಾಳೆ. ಹತ್ತಿ ವ್ಯಾಪಾರಿಯ ಹೆಂಡತಿ ಕೊರಳ ತುಂಬ ಸರ ಹಾಕಿಕೊಂಡು ಹೊರಗೆ ಬಂದು, ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿ ಕೊಡುತ್ತಾಳೆ.

ಬಡತನ, ಸಿರಿತನ ಎದುರುಬದುರಾದರೆ ಕತೆಗೆ ಬಲ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಅಜ್ಜಿಯ ಕೈ ನಿಂತ ಆ ಸಾಲು ಬರೆದು ಎರಡು ದಿನ ಅದರ ಮುಂದೆ ಕುಳಿತಿದ್ದೆ. ಕೆಲವರು ಅಜ್ಜಿಯ ಕೈ ನಿಂತದ್ದೇಕೆ ಎಂದು ಕೇಳುತ್ತಾರೆ, ಕೆಲವರು ಉಂಡದ್ದೇಕೆ ಎಂದು ಕೇಳುತ್ತಾರೆ, ನಮ್ಮ ಬೀಗರ ಗ್ರೂಪಿನಲ್ಲಿ ಯಾರೋ ಅದನ್ನು ಫೋಟೊ ತೆಗೆದು ಹಾಕುತ್ತಾರೆ, ಸ್ಟಾಫ್ ರೂಮಿನಲ್ಲಿ ನಾನು ಬಂದ ಕೂಡಲೇ ಮಾತು ನಿಲ್ಲುತ್ತದೆ. ಆಗಿನ್ನೂ ಒಬ್ಬ ಓದುಗನೂ ಹುಟ್ಟಿರಲಿಲ್ಲ, ಅಷ್ಟರಲ್ಲಿ ಎರಡೂ ಕಡೆಯವರು ನನ್ನ ತಲೆಯಲ್ಲಿ ಕುಳಿತು ಜಗಳವಾಡಿ ಮುಗಿಸಿದ್ದರು. ನಮ್ಮವರು ಊರು ಬಿಟ್ಟದ್ದು ಹೊಟ್ಟೆಗಾಗಿ. ನಾನು ಆ ಮನೆಯನ್ನು ಎತ್ತಿ ಊರಿನ ಇನ್ನೊಂದು ಕಡೆಗೆ ಒಯ್ದದ್ದು ಬರೀ ಅಂಜಿಕೆಯಿಂದ.

ಅತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಆಕೆಯ ಮಟ್ಟಿಗೆ ನಾನು ನಿಶ್ಚಿಂತಳಾಗಿದ್ದೆ. ಆದರೆ ಚಳಿಗಾಲದಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಖಾಲಾ ಅವರ ಮೊಮ್ಮಗಳು ಸಿಕ್ಕಳು. ಆಕೆಯೂ ಕನ್ನಡ ಶಾಲೆಯಲ್ಲಿ ಟೀಚರು.

“ನಿಮ್ಮ ಕತಿ ಓದಿದೆ ರೀ. ದಾದಿಗೂ ಓದಿ ಹೇಳಿದೆ.”

“ಏನಂದರು?”

“ಏನೂ ಅನಲಿಲ್ಲರಿ.”

ಆ ‘ಏನೂ ಅನಲಿಲ್ಲ’ವನ್ನು ಮೂರು ತಿಂಗಳಿಂದ ಹೊತ್ತುಕೊಂಡು ತಿರುಗುತ್ತಿದ್ದೆ.

ಅತ್ತೆಯ ಫೋನು ಬಂದ ಮರುದಿನ ವಿಶೇಷಾಂಕವನ್ನು ಚೀಲದಲ್ಲಿ ಹಾಕಿಕೊಂಡು ಗೋಪನಕೊಪ್ಪಕ್ಕೆ ಹೋದೆ. ನಾನೊಂದು ಕತೆ ಬರೆದಿದ್ದೇನೆ, ಖಾಲಾ ಅದನ್ನು ಕೇಳಿದ್ದಾರೆ, ಅದಕ್ಕೇ ಇರಬೇಕು ಎಂದು ಹೇಳಿದೆ. ಅತ್ತೆ ಕಾಲು ಚಾಚಿ ಗೋಡೆಗೆ ಒರಗಿ, “ಓದು ನೋಡೂಣು” ಅಂದಳು.

ಓದುತ್ತ ಹೋದೆ. ರೈಲು ಬಂತು. ಅತ್ತೆ ತಲೆದೂಗಿದಳು. ಟೇಶನ್ನಿನಲ್ಲಿ ಕಾದದ್ದು ಬಂತು. “ಛಲೋ ಬರದಿ” ಅಂದಳು. ಬಂಗಲೆ ಹತ್ತಿರ ಬರುತ್ತಿದ್ದಂತೆ ನನ್ನ ಧೈರ್ಯ ಮುಗಿಯಿತು. ಪುಟದ ಮೇಲೆ ಇಲ್ಲದ್ದನ್ನು ಓದತೊಡಗಿದೆ. ಬಿದಿರ ಗಳ, ಕೆಂಪು ಲಡಿ, ಗಂಗಾಳ, ಪುಂಡಿಪಲ್ಲೆ, ಎಲ್ಲವೂ ನನ್ನ ಬಾಯಿಂದ ಸರಾಗವಾಗಿ ಬಂದವು. ಬರೆಯುವಾಗ ಬಂದದ್ದಕ್ಕಿಂತ ಚೆನ್ನಾಗಿ ಬಂದವು.

“ನಿಂದರು,” ಅಂದಳು ಅತ್ತೆ. “ಅದು ಪುಸ್ತಕದಾಗ ಬರದಿದ್ದೇನು?”

“ಹೌದ ಅತ್ತಿ.”

“ನನಗ ಅಕ್ಷರ ಕಾಣೂದಿಲ್ಲವಾ, ನೀ ಕಾಣತಿ. ಆವಾಗಿಂದ ನಿನ್ನ ಕಣ್ಣು ಕಿಡಕಿ ಕಡೆ ಅದಾವ. ಪುಸ್ತಕದಾಗ ಇದ್ದದ್ದ ಓದು.”

ಇದ್ದದ್ದನ್ನು ಓದಿದೆ. ಮುಗಿದ ಮೇಲೆ ಅತ್ತೆ ಸೀರೆಯ ಸೆರಗಿನ ಅಂಚನ್ನು ಉಗುರಿನಿಂದ ನೀವಿದಳು.

“ಆ ಬಂಗಲೇದಾಕಿಗೆ ಸರ ಹಾಕಿದಿ. ಬೆಣ್ಣಿ ಕೊಟ್ಟಿದಿ. ನಾವು ಉಂಡ ಮನಿ ಎಲ್ಲಿ?”

“ಕತಿಗೆ ಹಂಗ ಬೇಕಾಗಿತ್ತು ಅತ್ತಿ. ಬಡವರು, ಶ್ರೀಮಂತರು ಎದುರುಬದುರು...”

“ಅಂಜಿದಿ.”

“ಹೂಂ.”

“ನಮ್ಮವ್ವ ಅದನ್ನ ಬಾಯಾಗ ಹಾಕ್ಕೊಂಡಳು. ನಿನಗ ಬರಿಯಾಕ ಆಗಲಿಲ್ಲ.”

ಬೈದಿದ್ದರೆ ಒಳ್ಳೆಯದಿತ್ತು, ಆದರೆ ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

“ನಿಮ್ಮಪ್ಪ ಹೋದ. ಆ ಕೂಸೂ ಮುದುಕ ಆಗಿ ಹೋತು. ನಾ ಎಂಟು ವರ್ಷದ ಹುಡುಗಿ ಇದ್ದದ್ದು ನೋಡಿದಾಕಿ ಈ ಭೂಮಿ ಮ್ಯಾಲೆ ಈಗ ಆಕಿ ಒಬ್ಬಾಕಿ ಅದಾಳ. ಆಕಿನೂ ಮಾತು ಬಿಟ್ಟರ ನಾ ಹುಡುಗಿ ಇದ್ದೆ ಅಂತ ಯಾರ ಹೇಳವರು?” ಅಂದಳು. “ಆ ಪುಸ್ತಕದವರಿಗೆ ಹೇಳು. ತಪ್ಪಾಗೇತಿ, ಮನಿ ಬ್ಯಾರೆ ಅಂತ ಹಾಕಲಿ.”

ಅಲ್ಲಿಂದಲೇ ಸಂಪಾದಕರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. “ಮೇಡಂ, ರಾಶಿಭವಿಷ್ಯದಲ್ಲಿ ತಪ್ಪಾದರೆ ತಿದ್ದುಪಡಿ ಹಾಕುತ್ತೇವೆ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೂ ಹಾಕುತ್ತೇವೆ. ಕತೆಯಲ್ಲಿ ತಪ್ಪಾಯಿತು ಎಂದರೆ ಏನು ಹಾಕಲಿ? ಕತೆ ಎಂದ ಮೇಲೆ ಮುಗಿಯಿತಲ್ಲ.” ಅತ್ತೆ ಪಕ್ಕದಲ್ಲೇ ಕಿವಿಗೊಟ್ಟು ಕುಳಿತಿದ್ದಳು. “ಮುಗದಿಲ್ಲ ಅಂತ ಹೇಳು ಅವರಿಗೆ,” ಅಂದಳು. ನಾನು ಹೇಳಲಿಲ್ಲ.

ರವಿವಾರ ಮುಂಜಾನೆ ಇಬ್ಬರೂ ಆಟೋ ಮಾಡಿಕೊಂಡು ಹಳೇ ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರುಹೊಡೆದೆ. ಅತ್ತೆ ಇಸ್ತ್ರಿ ಮಾಡಿದ ಸೀರೆಯ ನೆರಿಗೆ ಕೆಡದಂತೆ ಹಿಡಿದುಕೊಂಡಿದ್ದಳು. ಸಂದಿಯಲ್ಲಿ ಆಟೋ ಹಿಡಿಸುವುದಿಲ್ಲ, ಇಳಿದು ನಡೆಯಬೇಕು. ಈಗ ಆ ಮನೆಯ ಮುಂದೆ ನೂಲಿಲ್ಲ. ಬಣ್ಣದ ಕೆಲಸ ಖಾಲಾ ಅವರ ತಂದೆಯ ಕಾಲಕ್ಕೇ ನಿಂತಿತು. ಮುಂದಿನ ಕೋಣೆಯಲ್ಲಿ ಮಗ ನೀರಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ.

ಖಾಲಾ ಒಳಗೆ ಮಂಚದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ನೋಡಿದರು, ಮತ್ತೆ ಸೊಪ್ಪಿನ ಕಡೆ ನೋಡಿದರು.

“ಬಂದ್ರೇನು. ಬರ್ರಿ. ಕುಂದರ್ರಿ.”

ಅತ್ತೆ ನಿಂತಲ್ಲೇ ನಿಂತಳು. ಎಪ್ಪತ್ತು ವರ್ಷ ‘ನೀ’ ಎಂದು ಕರೆದವರು ‘ರೀ’ ಅಂದರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ. ಅಡುಗೆಮನೆಯ ಹಲಗೆಯ ಮೇಲೆ ನಮ್ಮ ಡಬ್ಬಿ ತೊಳೆದು ಬೋರಲು ಹಾಕಿದ್ದು ಅಲ್ಲಿಂದಲೇ ಕಾಣುತ್ತಿತ್ತು.

“ಈಕಿನ್ನ ಕರಕೊಂಡು ಬಂದೀನಿ,” ಅಂದಳು ಅತ್ತೆ, ನನ್ನನ್ನು ಮೊಣಕೈಯಿಂದ ಮುಂದೆ ತಳ್ಳಿ. “ಬೈ. ನನ್ನ ಮುಂದ ಬೈ.”

“ಬರದಾಕಿಗೆ ಯಾಕ ಬೈಲಿ ರೀ? ಮನ್ಯಾಗ ಹಿರೇರು ಹೆಂಗ ಹೇಳತಾರ, ಹುಡುಗ್ರು ಹಂಗ ಬರೀತಾರ.”

ನನಗೆ ಆಗ ತಿಳಿಯಿತು. ಕತೆ ಬದಲಿಸಿದವಳು ನಾನಲ್ಲ, ಅತ್ತೆಯೇ ಮನೆಯಲ್ಲಿ ಹಾಗೆ ಹೇಳುತ್ತ ಬಂದಿದ್ದಾಳೆ ಎಂದು ಖಾಲಾ ತಿಳಿದಿದ್ದರು.

“ಗೋಪನಕೊಪ್ಪದಾಗ ಮನಿ ಆತು, ಮೊಮ್ಮಕ್ಕಳು ಕಾರ್ ತಗೊಂಡ್ರು,” ಖಾಲಾ ಸೊಪ್ಪಿಗೆ ಹೇಳುವಂತೆ ಹೇಳಿದರು. “ಈಗ ನಮ್ಮ ಮನಿ ರೊಟ್ಟಿ ಉಂಡಿದ್ವಿ ಅನ್ನಾಕ ನಾಚಿಕಿ ಬಂದಿರಬೇಕು ಅಂದ್ಕೊಂಡೆ. ಬರಲಿ. ಹೋಳಗಿ ಯಾಕ ಕಳಸಬೇಕು ಮತ್ತ?”

ಆಟೋದಲ್ಲಿ ಉರುಹೊಡೆದದ್ದೆಲ್ಲ ಮರೆತುಹೋಗಿತ್ತು. “ಇಲ್ಲ ಖಾಲಾ. ಅತ್ತಿ ಹೇಳಿದ್ದು ಯಾವಾಗಲೂ ನಿಮ್ಮ ಮನೀನ. ಹುಟ್ಟಿದಾಗಿಂದ ಅದನ್ನ ಕೇಳೇನಿ. ಬದಲ ಮಾಡಿದಾಕಿ ನಾನು. ಅಂಜಿ ಮಾಡಿದೆ.”

“ಯಾರಿಗೆ ಅಂಜಿದಿ?”

“ಎಲ್ಲಾರಿಗೂ.”

“ಎಲ್ಲಾರಿಗೂ ಅಂಜಿದಿ, ನನಗ ಅಂಜಲಿಲ್ಲ.” ಖಾಲಾ ಮೊದಲ ಸಲ ನನ್ನ ಮುಖ ನೋಡಿದರು. “ಮನಿ ಬದಲ ಮಾಡಿದ್ದು ಹೋಗಲಿ. ಅಂಜುಬುರಕಿ ಅಂತ ಬಿಡತಿದ್ದೆ. ಆದರ ಕೊಟ್ಟಾಕಿನ್ನ ಸಾವಕಾರ್ತಿ ಮಾಡಿದಿಯಲ್ಲ, ಅದು ಯಾಕ? ತುಂಬಿದ ಮನ್ಯಾಗಿಂದ ನಾಕು ರೊಟ್ಟಿ ಕೊಟ್ಟರ ಅದರಾಗೇನೇತಿ? ನಮ್ಮಮ್ಮಾ ಕೊಟ್ಟದ್ದು ಹಂಗಲ್ಲ. ಅವತ್ತ ಮನ್ಯಾಗ ಇದ್ದದ್ದು ಆರ ರೊಟ್ಟಿ. ಅವು ಅಬ್ಬಾನ ಊಟಕ್ಕ ಇಟ್ಟವು. ಅಬ್ಬಾ ಹಿತ್ತಲದಾಗ ಬಣ್ಣದ ಹಂಡೆ ಮುಂದ ಇದ್ರು. ಅಮ್ಮಾ ಒದರಿ ಹೇಳಿದ್ದು ಏನಂತ ತಿಳದಿ? ರೊಟ್ಟಿ ಮುಗದಾವ, ನೀವು ನೀರು ಕುಡೀರಿ ಅಂತ.”

ಹೊರಗೆ ಮೋಟರು ಒಂದು ಕ್ಷಣ ಗುಂಯ್ ಎಂದು ತಿರುಗಿ ನಿಂತಿತು.

ಅತ್ತೆ ಮೆಲ್ಲಗೆ ಮಂಚದ ಅಂಚಿಗೆ ಕುಳಿತಳು. ಎಪ್ಪತ್ತು ವರ್ಷ ಆಕೆ ದನಿ ಇಳಿಸಿ ಹೇಳುತ್ತಿದ್ದ ಜಾಗ ಅದು. ಉರ್ದುವಿನಲ್ಲಿ ಏನೋ ಕೂಗಿದಳು ಎಂದು ಹೇಳುತ್ತಿದ್ದಳೇ ಹೊರತು, ಏನು ಕೂಗಿದಳೆಂದು ಆಕೆಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಅಜ್ಜಿ ಯಾರ ಮನೆಯೆಂದು ನೋಡಿ ಕೈ ನಿಲ್ಲಿಸಿದ ಆ ಹೊತ್ತಿಗೆ, ಹಿತ್ತಲಲ್ಲಿ ಒಬ್ಬಾತ ತನ್ನ ಊಟ ಹೋಯಿತೆಂದು ತಿಳಿದು ಹಂಡೆಯ ಕಡೆ ತಿರುಗಿದ್ದ.

“ಇದನ್ನ ಇಷ್ಟ ವರ್ಷ ಯಾಕ ಹೇಳಲಿಲ್ಲ ನನಗ?” ಅಂದಳು ಅತ್ತೆ.

“ನೀ ಕೇಳಬೇಕಲ್ಲ. ಎಪ್ಪತ್ತು ವರ್ಷದಿಂದ ನಿಮ್ಮ ಗಾಡಿ ಒಂದ ಟೇಶನ್ನಿಗೆ ಬರಾಕತ್ತೇತಿ. ಅದು ಬಂದು, ನೀವು ಇಳದು, ನಡಕೋತ ಬಂದು, ಉಣ್ಣೂದರಾಗ ಹೊತ್ತ ಮುಳಗತೈತಿ. ನಮ್ಮದು ಹೇಳಾಕ ಸಂದಿ ಎಲ್ಲೇತಿ?”

‘ನೀ’ ವಾಪಸು ಬಂದದ್ದನ್ನು ಅತ್ತೆ ಗಮನಿಸಿದಳೋ ಇಲ್ಲವೋ. ನಾನಂತೂ ಗಮನಿಸಿ, ಉಸಿರು ಬಿಟ್ಟೆ.

“ನಿಮ್ಮದೇನೇತಿ ಹೇಳಾಕ? ನೀವು ಇಲ್ಲ್ಯಾವರ ಅಲ್ಲ?”

“ಎಲ್ಲ್ಯಾವರು? ನಿಮಗಿಂತ ಐದು ವರ್ಷ ಮೊದಲ ಬಂದವರು, ಅಷ್ಟ. ಈ ಮನಿನೂ ಆಗ ನಮ್ಮದಲ್ಲ. ಬಾಡಿಗಿ. ನೀವು ನಾಕು ಮಂದಿ ಒಳಗ ಬಂದದ್ದು ಮಾಲಕ ನೋಡಿದರ ನಮ್ಮನ್ನೂ ಹೊರಗ ಹಾಕತಾನ ಅಂತ ಅಮ್ಮಾಗ ಜೀವ ಪುಕುಪುಕು.”

ಅಂಜುತ್ತಲೇ ಕೊಟ್ಟವಳು ಎಂದು ನನಗೆ ಆಗ ಗೊತ್ತಾಯಿತು. ಅದುವರೆಗೆ ಅಂಜಿಕೆ ಎಂದರೆ ನನ್ನಂಥವರ ಕೈಕಟ್ಟುವ ವಸ್ತುವೆಂದೇ ತಿಳಿದಿದ್ದೆ. ಆ ಹೆಂಗಸು ಜೀವ ಪುಕುಪುಕು ಎನ್ನುತ್ತಿರುವಾಗಲೇ ರೊಟ್ಟಿ ಬಡಿಸಿದ್ದಳು. ಇದನ್ನು ಯೋಚಿಸುತ್ತ ಕುಳಿತರೆ ನನ್ನ ಬಗ್ಗೆ ನನಗೆ ಬರುವ ಅಭಿಪ್ರಾಯ ಅಷ್ಟು ಚೆನ್ನಾಗಿರಲಾರದೆಂದು ಮೆಂತ್ಯದ ಸೊಪ್ಪು ಬಿಡಿಸಲು ಕೈ ಹಾಕಿದೆ.

“ಎಲ್ಲಿಂದ ಬಂದ್ರಿ?” ಅತ್ತೆ ಕೇಳಿದಳು.

“ಸೊಲ್ಲಾಪುರದ ಕಡಿಂದ. ನಿಮ್ಮಂಗ ರೈಲ ಅಲ್ಲ, ಎತ್ತಿನ ಚಕ್ಕಡಿ. ಬಣ್ಣದ ಹಂಡೆ ಬಿಟ್ಟು ಬರಾಕ ಅಬ್ಬಾ ಒಪ್ಪಲಿಲ್ಲ. ಚಕ್ಕಡ್ಯಾಗ ಹಂಡೆ ಇಟ್ಟರ ನಮಗ ಕುಂದರಾಕ ಜಾಗ ಉಳೀಲಿಲ್ಲ. ನನ್ನ ಹಂಡೇದಾಗ ಕುಂದರಿಸಿದರು.”

“ಹಂಡೇದಾಗ?”

“ಹೂಂ. ಮೂರು ವರ್ಷದ ಕೂಸು. ತಲಿ ಅಷ್ಟ ಹೊರಗ. ದಾರ್ಯಾಗ ಒಂದಿನ ಮಳಿ ಹೊಡೀತು, ಹಂಡೇದಾಗಿನ ಬಣ್ಣ ನೆನೀತು. ಹುಬ್ಬಳ್ಳ್ಯಾಗ ಇಳಿಸಿದಾಗ ಸ್ವಂಟದ ಕೆಳಗ ಹಸರ ಆಗಿದ್ದೆನಂತ. ಎಂಟು ದಿನ ತಿಕ್ಕಿದರೂ ಹೋಗಲಿಲ್ಲಂತ. ಓಣ್ಯಾಗಿನ ಮಂದಿ ಇದೇನೋ ರೋಗ ಅಂತ ನಮ್ಮನ್ನ ನೀರಿಗೆ ಬಿಡಲಿಲ್ಲ.”

ಅತ್ತೆಗೆ ನಗು ಬಂತು. ತಡೆದುಕೊಳ್ಳಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಟ್ಟೆ ಕುಲುಕಿ ಮಂಚವೇ ಅಲುಗಾಡತೊಡಗಿದಾಗ ಖಾಲಾ ಅವರೂ ನಕ್ಕರು. ಒಳಗಿಂದ ಮೊಮ್ಮಗಳು ಚಹಾ ತಂದವಳು ಇಬ್ಬರನ್ನೂ ನೋಡಿ, ನನ್ನ ಕಡೆ ಹುಬ್ಬು ಹಾರಿಸಿದಳು.

“ಆಮ್ಯಾಲೆ?” ಅಂದಳು ಅತ್ತೆ. “ನೀರಿಗೆ ಬಿಡದಿದ್ರ ಏನ ಮಾಡಿದ್ರಿ?”

“ತಡೀ ಹೇಳ್ತೇನಿ. ಛಾ ಕುಡಿ ಮೊದಲ.” ಖಾಲಾ ನನ್ನ ಕಡೆ ಬೆರಳು ತೋರಿಸಿದರು. “ಈಕಿ ಮತ್ತ ಬರೀತಾಳ ನೋಡು. ಹಂಡೆ ಬದಲಿ ಪಲ್ಲಕ್ಕಿ ಮಾಡತಾಳ.”

“ಮಾಡಲಿ ನೋಡೂಣು,” ಅಂದಳು ಅತ್ತೆ.

ಬರೆಯಲೇ ಎಂದು ಇಬ್ಬರನ್ನೂ ಕೇಳಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ, ಮನೆ, ರೊಟ್ಟಿ, ನಿಂತ ಕೈ, ಎಲ್ಲ. ಬರೆದರೆ ಯಾರು ಏನು ಅನ್ನುತ್ತಾರೋ ಎಂದು ಹೇಳಲು ಶುರುಮಾಡಿದ್ದೆ, ಅತ್ತೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು. ಆಕೆಗೆ ನನ್ನ ಚಿಂತೆ ಬೇಕಿರಲಿಲ್ಲ. ಬಸಿಯಲ್ಲಿ ಚಹಾ ಸುರಿದುಕೊಂಡು, ಖಾಲಾ ಅವರ ಕಡೆ ಮೊಣಕಾಲು ತಿರುಗಿಸಿ ಕುಳಿತಳು. ಜೀವನವಿಡೀ ಹೇಳುತ್ತಲೇ ಬಂದವಳು ಹಾಗೆ ಕೇಳಲು ಕೂತದ್ದನ್ನು ನಾನು ಕಂಡಿರಲಿಲ್ಲ.

ಖಾಲಾ ಹೇಳತೊಡಗಿದರು. ಅವರ ಕತೆಯಲ್ಲಿ ಚಕ್ಕಡಿ ಇನ್ನೂ ಓಣಿಯ ಬಾಯಿಯಲ್ಲೇ ನಿಂತಿತ್ತು, ಎತ್ತುಗಳನ್ನು ಬಿಚ್ಚಿರಲಿಲ್ಲ.